ಐದು ಅಕ್ಷರಗಳು

ಶಿಶುವಿಹಾರಕ್ಕೆ ಹೋಗುವ ಮೊಮ್ಮಗನಿಗೆ ಮನೆಯಲ್ಲಿ ಓದು ಕಲಿಸಹೊರಟ ನಾನೇ ಪಾಠ ಕಲಿತೆನೆಂದು ಇಂದು ಒಪ್ಪಿಕೊಳ್ಳಬೇಕಾಗಿದೆ.

ದಿನವೂ ದೀಪ ಹಚ್ಚುವ ಹೊತ್ತಿಗೆ ಅವನನ್ನು ಕೂರಿಸಿಕೊಂಡು ವರ್ಣಮಾಲೆಯ 49 ಅಕ್ಷರಗಳನ್ನೂ ಬಾಯಿಪಾಠ ಮಾಡಿಸಿದೆ. ಅವನು ನಿರರ್ಗಳವಾಗಿ ಒಪ್ಪಿಸಿದ; ನಾನು ಬೀಗಿದೆ. ಒಂದು ಸಂಜೆ ‘ಆಕಳು’ ಎಂದು ಬರೆದು ತೋರಿಸಿದರೆ, ‘ಆನೆ’ ಎಂದ! ಪುಸ್ತಕದ ಚಿತ್ರವನ್ನೇ ಅವನು ಅಕ್ಷರವೆಂದು ನಂಬಿದ್ದ. ನಾನು ಗದರಿದೆ. ಮರುದಿನದಿಂದ ಪುಸ್ತಕ ಕಂಡೊಡನೆ ಅಜ್ಜಿಯ ಸೆರಗಿನ ಮರೆಗೆ ಸರಿಯತೊಡಗಿದ. ನನಗೆ ಭಯವಾಯಿತು. ಓದೆಂದರೆ ಹೆದರುವ ಮಗುವನ್ನು ನಾನೇ ರೂಪಿಸುತ್ತಿದ್ದೆನೇ?

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಪದ್ಧತಿಯನ್ನು ಬಲ್ಲ ಶಿಕ್ಷಕ ಮಿತ್ರರೊಬ್ಬರು ದಾರಿ ತೋರಿದರು. ಅಲ್ಲಿ ಅಕಾರಾದಿ ಕ್ರಮವನ್ನು ಬದಿಗಿರಿಸಿ, ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತಾರೆ. ಗುಣಿತವಿಲ್ಲ, ಒತ್ತಿಲ್ಲ, ಆದರೂ ಅಷ್ಟರಿಂದಲೇ ಪದಗಳು ಹುಟ್ಟುತ್ತವೆ.

ತಟ್ಟೆಯಲ್ಲಿ ಅಕ್ಕಿ ಹರಡಿ, ಅವನ ಬೆರಳಿನಿಂದಲೇ ತಿದ್ದಿಸಿದೆ. ಮೊದಲು ‘ಸರ’ ಬಂತು; ಅಜ್ಜಿಯ ಕೊರಳನ್ನು ಮುಟ್ಟಿ ನಕ್ಕ. ಬಳಿಕ ‘ಅರಸ’. ಕೆಲವು ದಿನಗಳ ಮೇಲೆ ನಾನು ಬರೆದ ನಾಲ್ಕು ಅಕ್ಷರಗಳನ್ನು ತಡವರಿಸುತ್ತ ಕೂಡಿಸಿದ: ‘ಗ... ರ... ಗ... ಸ’. ಕ್ಷಣಕಾಲ ಸುಮ್ಮನಿದ್ದು, ‘ತಾತಾ, ಬಡಗಿಯ ಗರಗಸ!’ ಎಂದು ಕೂಗಿದ. ಅಂದು ಅವನು ಓದಿದ.

ಮನೆಯ ಪಾಠಕ್ಕೆ ಹತ್ತು ನಿಮಿಷ ಸಾಕು. ಮಗು ಇನ್ನೂ ಬೇಕೆನ್ನುತ್ತಿರುವಾಗಲೇ ತಟ್ಟೆಯನ್ನು ಎತ್ತಿಡಿ. ನಾಳೆ ಅದೇ ತಂದು ಮುಂದಿಡುತ್ತದೆ.