ಪ್ರಾರ್ಥನೆ ಮುಗಿದ ಮೇಲೆ ದೇವರು ಎಲ್ಲಿ?

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಭಾಷಣ)



ಮನೆಗೆಲಸ, ದನಕರು, ಒಂದು ದಿನದ ಕೂಲಿ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಇವತ್ತು ನಮಗೆ ಕೊಟ್ಟಿರುವ ವಿಷಯ ‘ದಿನನಿತ್ಯದ ಜೀವನದಲ್ಲಿ ದೇವರಿಗೆ ಕೇಂದ್ರಸ್ಥಾನ’. ಕೇಳಲು ದೊಡ್ಡ ಮಾತು. ಆದರೆ ಅಡುಗೆಮನೆ, ಹೊಲ, ಸಂಘದ ಲೆಕ್ಕದ ಪುಸ್ತಕ ಇವುಗಳನ್ನು ಬಿಟ್ಟರೆ ಈ ಮಾತಿಗೆ ಅರ್ಥವಿಲ್ಲ.

ನಮ್ಮ ಮನೆಗಳಲ್ಲಿ ದೇವರಿಗೆ ಜಾಗ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟವಿದೆ. ಸಂಜೆ ಜಪಸರ ಹೇಳುತ್ತೇವೆ, ಭಾನುವಾರ ಬಲಿಪೂಜೆಗೆ ಹೋಗುತ್ತೇವೆ. ಸಂಘದ ಸಭೆಯೂ ಪ್ರಾರ್ಥನೆಯಿಂದಲೇ ಶುರು. ಇದೆಲ್ಲ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಬೀಸುವ ಕಲ್ಲನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಡುವಿನ ಗೂಟ ಗಟ್ಟಿಯಾಗಿದ್ದರೆ ಕಲ್ಲು ಸರಿಯಾಗಿ ತಿರುಗುತ್ತದೆ. ಗೂಟ ಸಡಿಲವಾದರೂ ಕಲ್ಲು ತಿರುಗುತ್ತದೆ, ಸದ್ದೂ ಜೋರಾಗಿಯೇ ಬರುತ್ತದೆ, ಹಿಟ್ಟು ಮಾತ್ರ ತರಿತರಿ. ನಮ್ಮ ಭಕ್ತಿಯೂ ಕೆಲವು ಸಲ ಹಾಗೇ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

ಕೆಲವು ವರ್ಷಗಳ ಹಿಂದೆ ನಾವು ನೋಡಿಕೊಳ್ಳುತ್ತಿದ್ದ ಒಂದು ಸಂಘದಲ್ಲಿ ಹದಿನಾರು ಮಂದಿ ಇದ್ದರು. ಅವರಲ್ಲಿ ಒಬ್ಬಾಕೆ ಮೂರು ಕಂತು ಕಟ್ಟಿರಲಿಲ್ಲ, ಸಭೆಗೂ ಬರುತ್ತಿರಲಿಲ್ಲ. ಆ ದಿನ ಸಭೆ ಶುರುವಾದಾಗ ಎಲ್ಲರೂ ಎದ್ದು ನಿಂತು ಪರಲೋಕ ಪ್ರಾರ್ಥನೆ ಹೇಳಿದೆವು. ಕೂತ ಮೇಲೆ ಮೊದಲು ಬಂದದ್ದು ಅವಳ ವಿಷಯವೇ. “ಅವಳ ಮನೆ ಜಗಲಿ ಮೇಲೆ ಹೋಗಿ ಕೂತುಬಿಡ್ತೀವಿ, ಕೊಡದೆ ಎಲ್ಲಿಗೆ ಹೋಗ್ತಾಳೆ” ಅಂತ ಮೂವರು ಎದ್ದರು. ಬೇಡ ಅನ್ನಬೇಕಿದ್ದ ನಾವೇ “ಹೋಗಿ ಬನ್ನಿ” ಅಂದೆವು. ವಸೂಲಿ ಚೆನ್ನಾಗಿದ್ದರೆ ಬ್ಯಾಂಕಿನಲ್ಲಿ ಸಂಘಕ್ಕೆ ಒಳ್ಳೆಯ ಹೆಸರು ಅನ್ನುವುದೇ ಆಗ ನಮ್ಮ ತಲೆಯಲ್ಲಿತ್ತು. ಅವರು ಹೋದರು, ಕತ್ತಲಾಗುವ ತನಕ ಕೂತರು, ಹಣ ತಂದರು. ನಾವು ರಶೀದಿ ಬರೆದೆವು.

ಆಮೇಲೆ ತಿಳಿಯಿತು, ಅವಳ ಗಂಡ ಕಾಯಿಲೆ ಬಿದ್ದು ಎರಡು ತಿಂಗಳಿಂದ ಕೆಲಸಕ್ಕೆ ಹೋಗಿಲ್ಲ. ಆ ಸಂಜೆ ಕೊಟ್ಟ ಹಣ ಮಗಳ ಕಿವಿಯ ಓಲೆ ಗಿರವಿ ಇಟ್ಟದ್ದು. ಅಂದಿನಿಂದ ಅವಳು ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದಳು. ನಮ್ಮ ಮುಖ ನೋಡಬೇಕಾಗುತ್ತದಲ್ಲ ಅಂತ. ಕ್ಷಮೆ ಕೇಳಲು ಅವಳ ಮನೆಗೆ ಹೋದೆವು. ಚಹಾ ಕೊಟ್ಟಳು, ಬೈಯಲಿಲ್ಲ. ಒಂದೇ ಮಾತು ಕೇಳಿದಳು: “ಸಿಸ್ಟರ್, ಅವತ್ತೂ ಪ್ರಾರ್ಥನೆ ಮಾಡಿಯೇ ಕಳ್ಸಿದ್ರಾ?”

ಸಹೋದರಿಯರೇ, ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ನಾವು ಹೇಳಿದ್ದ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬರುತ್ತದೆ. ಸಂತ ಮತ್ತಾಯರ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದದ ಅರ್ಥ ‘ಸಾಲ’. ಅಂದರೆ ಸಾಲ ಕೊಟ್ಟು ಸಾಲ ತೆಗೆದುಕೊಳ್ಳುವ ನಮ್ಮಂಥವರಿಗೆ ಆ ಪ್ರಾರ್ಥನೆ ನೇರವಾಗಿ ತಾಗುತ್ತದೆ. ಅದೇ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಇಬ್ಬರು ಸಾಲಗಾರರ ಕಥೆ ಹೇಳುತ್ತಾರೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲೆಂತು ಕೊಡಬೇಕಿತ್ತು. ಒಂದು ತಲೆಂತು ಅಂದರೆ ಸುಮಾರು 6,000 ದಿನದ ಕೂಲಿ. ಒಟ್ಟು ಲೆಕ್ಕ ಹಾಕಿದರೆ 6 ಕೋಟಿ ದಿನದ ಕೂಲಿ, ಯಾವ ಜನ್ಮಕ್ಕೂ ತೀರದ ಸಾಲ! ಅರಸ ಕನಿಕರಪಟ್ಟು ಪೂರ್ತಿ ಮನ್ನಾ ಮಾಡಿದ. ಹೊರಗೆ ಬಂದ ಈ ಸೇವಕನಿಗೆ ಜೊತೆಯ ಸೇವಕನೊಬ್ಬ ಸಿಕ್ಕಿದ. ಅವನು ಕೊಡಬೇಕಿದ್ದದ್ದು ನೂರು ದೆನಾರಿ, ಅಂದರೆ ನೂರು ದಿನದ ಕೂಲಿ. ಇವನು ಅವನ ಕುತ್ತಿಗೆ ಹಿಡಿದ, ಸೆರೆಗೆ ಹಾಕಿಸಿದ.

ಒಂದು ವಿಷಯ ಗಮನಿಸಿ. ನೂರು ದಿನದ ಕೂಲಿ ಚಿಕ್ಕ ಹಣವಲ್ಲ, ಅದು ನಿಮಗೆ ಗೊತ್ತು. ಸಾಲ ಸುಳ್ಳು ಅಂತಲೂ ಯೇಸು ಹೇಳಲಿಲ್ಲ. ಆ ಬಡ ಸೇವಕ ಮನ್ನಾ ಮಾಡು ಅಂತ ಕೇಳಲೇ ಇಲ್ಲ. ಅವನು ಕೇಳಿದ್ದು ಸಮಯ ಮಾತ್ರ. ಅದನ್ನೂ ಇವನು ಕೊಡಲಿಲ್ಲ.

“ಹಾಗಾದರೆ ಸಾಲ ಎಲ್ಲ ಬಿಟ್ಟುಬಿಡಬೇಕಾ ಸಿಸ್ಟರ್?” ಅಂತ ನೀವು ಕೇಳಬಹುದು. ಇಲ್ಲ. ಸಂಘದ ಹಣ ಎಲ್ಲ ಸದಸ್ಯರ ಬೆವರು. ಇನ್ನೊಬ್ಬರ ಉಳಿತಾಯವನ್ನು ದಾನ ಮಾಡಲು ನಮಗೆ ಹಕ್ಕಿಲ್ಲ. ಆದರೆ ಸಮಯ ಕೊಡಬಹುದು, ಮರ್ಯಾದೆ ಕೊಡಬಹುದು, ಮನೆಗೆ ಹೋಗಿ “ಏನಾಯ್ತಮ್ಮ?” ಅಂತ ಕೇಳಬಹುದು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗ ಬಡ ಹೆಂಗಸರ ಕೈಯಲ್ಲಿ ಅಡವಿಡಲು ಏನಿತ್ತು? ಒಬ್ಬರ ಮೇಲೊಬ್ಬರ ನಂಬಿಕೆಯೇ ಜಾಮೀನು. ಆ ನಂಬಿಕೆಯನ್ನೇ ಕೋಲು ಮಾಡಿಕೊಂಡರೆ ನಮಗೂ ಬಡ್ಡಿ ವ್ಯವಹಾರದವರಿಗೂ ಏನು ವ್ಯತ್ಯಾಸ? ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನನ್ನೇ ತರಬೇಕಾಯಿತು. ದೇವರನ್ನು ನಡುವೆ ಇಟ್ಟುಕೊಂಡವರಿಗೆ ಕಾನೂನು ಬಂದು ಹೇಳಬೇಕಾಗಬಾರದು.

ಆ ಸಂಘದಲ್ಲಿ ಆಮೇಲೆ ಏನಾಯಿತು? ಎಲ್ಲರೂ ಸೇರಿ ಠರಾವು ಬರೆದರು. ಕಂತನ್ನು ಅರ್ಧ ಮಾಡಿ ಅವಧಿಯನ್ನು ಹೆಚ್ಚಿಸಿದರು. ಅವಳು ನಿಧಾನವಾಗಿ ಪೂರ್ತಿ ತೀರಿಸಿದಳು, ಓಲೆಯನ್ನೂ ಬಿಡಿಸಿಕೊಂಡಳು. ಜಗಲಿಯ ಮೇಲೆ ಕೂತ ಮೂವರಲ್ಲಿ ಇಬ್ಬರು ಹೋಗಿ ಕ್ಷಮೆ ಕೇಳಿದರು. ಮೂರನೆಯವಳಿಗೂ ಅವಳಿಗೂ ಇಂದಿಗೂ ಮಾತಿಲ್ಲ. ಮುರಿದ ಮನಸ್ಸನ್ನು ಕೂಡಿಸುವುದು ಹಣದ ಲೆಕ್ಕ ಸರಿಮಾಡಿದ ಹಾಗಲ್ಲ.

ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸೈನಿಕ, ಆಮೇಲೆ ಮಠದ ಅಡುಗೆಯವರು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲವಂತೆ. ಆದರೂ ಪಾತ್ರೆಗಳ ನಡುವೆ ದೇವರೊಡನೆ ಮಾತಾಡುತ್ತಾ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡರು. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂದು ಅವರಿಗೆ ಅನ್ನಿಸುತ್ತಿರಲಿಲ್ಲ. 1691ರಲ್ಲಿ ತೀರಿಕೊಂಡ ಆ ಅಡುಗೆಯವರನ್ನು ಲೋಕ ಇಂದಿಗೂ ನೆನೆಯುತ್ತದೆ. ಹೊತ್ತೇ ಸಿಗುವುದಿಲ್ಲ ಎನ್ನುವ ನಮಗೆ ಇದು ಒಳ್ಳೆಯ ದಾರಿ.

ಊರಿಗೆ ಹೋದ ಮೇಲೆ ನಾಲ್ಕು ಕೆಲಸ ಮಾಡೋಣ. ಬೆಳಿಗ್ಗೆ ಒಲೆ ಹಚ್ಚುವಾಗ ಆ ದಿನವನ್ನು ದೇವರ ಕೈಗೆ ಒಪ್ಪಿಸೋಣ. ಸಭೆಯ ಪ್ರಾರ್ಥನೆಯಲ್ಲಿ ಅವತ್ತು ಬಾರದವಳ ಹೆಸರು ಹೇಳೋಣ. ಹೆಸರು ಹಿಡಿದು ಪ್ರಾರ್ಥಿಸಿದವಳನ್ನು ಬೈಯಲು ನಾಲಿಗೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಕಂತು ತಪ್ಪಿದರೆ ಮೊದಲು ಒಬ್ಬರು ಹೋಗಿ ಕಾರಣ ಕೇಳಿ ಬರೋಣ, ಗುಂಪು ಕಟ್ಟಿಕೊಂಡು ಹೋಗುವುದು ಬೇಡ. ರಾತ್ರಿ ದೀಪ ಆರಿಸುವ ಮುಂಚೆ ಒಂದು ನಿಮಿಷ, ‘ಇವತ್ತು ಯಾರನ್ನು ಸಣ್ಣವರನ್ನಾಗಿ ಮಾಡಿದೆವು?’ ಅಂತ ನಮ್ಮನ್ನೇ ಕೇಳಿಕೊಳ್ಳೋಣ. ಬೇರೆ ಧರ್ಮದ ಸಹೋದರಿಯರೂ ನಮ್ಮ ಸಂಘಗಳಲ್ಲಿದ್ದಾರೆ. ಅವರು ನಮ್ಮ ಜಪಸರ ಎಣಿಸುವುದಿಲ್ಲ, ನಾವು ನಡೆದುಕೊಳ್ಳುವುದನ್ನು ನೋಡುತ್ತಾರೆ.

ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗಿ ಬರಬೇಕೆಂದು ಯೇಸು ಕಲಿಸಿದ್ದಾರೆ. ಈ ಭಾನುವಾರ ಚರ್ಚಿಗೆ ಹೋದಾಗ ಕೊನೆಯ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡಿ. ನಮ್ಮಿಂದ ನೊಂದವರು ಯಾರಾದರೂ ಅಲ್ಲಿ ಕೂತಿದ್ದರೆ, ಅವರು ಎದ್ದು ಹೋಗುವ ಮುಂಚೆ ಹತ್ತಿರ ಹೋಗಿ ಮಾತಾಡಿಸಿ.

ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ನಿಮ್ಮ ಸಂಘಗಳನ್ನೂ ಆಶೀರ್ವದಿಸಲಿ.