ವಿಚ್ಛೇದನದ ಲೆಕ್ಕಪತ್ರ: ಆಸ್ತಿ ಯಾರದು, ಸಾಲ ಯಾರದು?



ವಿಚ್ಛೇದನದ ಮಾತು ಬಂದಾಗ ಕನ್ನಡ ಸಮುದಾಯದ ಹಿರಿಯರು ಮೊದಲು ಕೇಳುವುದು ತಪ್ಪು ಯಾರದು ಎಂದು. ಕ್ಯಾಲಿಫೋರ್ನಿಯದಲ್ಲಿ 1970ರಿಂದ ವಿಚ್ಛೇದನ ಪಡೆಯಲು ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ. ಆಸ್ತಿಯ ವಿಷಯಕ್ಕೆ ಬಂದಾಗ ಅಲ್ಲಿನ ಕುಟುಂಬ ನ್ಯಾಯಾಲಯ ಕೇಳುವ ಪ್ರಶ್ನೆಗಳೇ ಬೇರೆ: ಇದು ಯಾವಾಗ ಬಂತು, ಯಾವ ಹಣದಿಂದ ಬಂತು, ಈ ಸಾಲ ಯಾತಕ್ಕಾಗಿ ಆಯಿತು?

ಒಂದು ಕಲ್ಪಿತ ಸಂಸಾರವನ್ನು ಉದಾಹರಣೆಯಾಗಿ ನೋಡಬಹುದು. 2009ರಲ್ಲಿ ಮೈಸೂರಿನಲ್ಲಿ ಮದುವೆಯಾದ ದಂಪತಿ ಫ್ರೀಮಾಂಟ್‌ನಲ್ಲಿ ನೆಲೆಸುತ್ತಾರೆ. ಗಂಡನದು ಎಚ್-1ಬಿ ವೀಸಾ, ಹೆಂಡತಿಯದು ಎಚ್-4. ಆಕೆ ಸ್ನಾತಕೋತ್ತರ ಪದವೀಧರೆ. ಆದರೆ ಆಕೆಯ ವೀಸಾದಲ್ಲಿ ಉದ್ಯೋಗಕ್ಕೆ ಅನುಮತಿಯಿಲ್ಲ. 2015ರಲ್ಲಿ ನಿಯಮ ಸಡಿಲಗೊಂಡದ್ದೂ, ಗ್ರೀನ್‌ಕಾರ್ಡಿನ ಹಾದಿಯಲ್ಲಿ ಗೊತ್ತಾದ ಹಂತ ದಾಟಿದವರ ಸಂಗಾತಿಗಳ ಪಾಲಿಗೆ ಮಾತ್ರ. ಹದಿನೈದು ವರ್ಷಗಳ ನಂತರ ಮದುವೆ ಮುರಿಯುವ ಹೊತ್ತಿಗೆ ಫ್ರೀಮಾಂಟ್‌ನ ಮನೆ ಗಂಡನ ಹೆಸರಿನಲ್ಲಿದೆ, ಮೈಸೂರಿನ ನಿವೇಶನವೂ ಆತನ ಹೆಸರಿನಲ್ಲಿದೆ. ಕಂಪನಿಯ ಷೇರುಗಳು, ನಿವೃತ್ತಿ ಖಾತೆ ಎಲ್ಲವೂ ಆತನವೇ. ಹೆಂಡತಿಯ ಹೆಸರು ಕಾಣುವುದು ಒಂದೇ ಕಡೆ: ಗೃಹಸಾಲದ ಪತ್ರದ ಕೊನೆಯ ಪುಟದ ಸಹಿಯಲ್ಲಿ.

ಈ ಕುಟುಂಬ ಭಾರತದಲ್ಲೇ ಇದ್ದಿದ್ದರೆ ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಬಹುತೇಕ ಅವರದ್ದಾಗುತ್ತಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಮು ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಜಂಟಿಯಾಗಿ ಬಂದ ಉಡುಗೊರೆಗಳನ್ನಷ್ಟೇ ಮುಟ್ಟುತ್ತದೆ. ದಾಂಪತ್ಯದ ಅವಧಿಯಲ್ಲಿ ಗಳಿಸಿದ್ದು ಇಬ್ಬರಿಗೂ ಸೇರಿದ್ದು ಎಂಬ ಸಾಮಾನ್ಯ ನಿಯಮ ಅಲ್ಲಿಲ್ಲ. ಹೆಂಡತಿಗೆ ಜೀವನಾಂಶ ಕೇಳುವ ಹಕ್ಕಿದೆ, ಪಾಲು ಕೇಳುವ ಹಕ್ಕಿಲ್ಲ. ಆದರೆ ಕಾರವಾರದ ಗಡಿ ದಾಟಿ ಗೋವಾಕ್ಕೆ ಹೋದರೆ, 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆಯಲ್ಲಿ, ಬೇರೆ ಒಪ್ಪಂದವಿಲ್ಲದ ದಂಪತಿಯ ಆಸ್ತಿ ಇಬ್ಬರಿಗೂ ಸಮವಾಗಿ ಸೇರುತ್ತದೆ. ಆದ್ದರಿಂದ ಇಂಥ ಕಾನೂನು ಭಾರತದ ಮಣ್ಣಿಗೆ ಒಗ್ಗುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಕ್ಕೆ ಸಮುದಾಯ ಆಸ್ತಿಯ ಕಲ್ಪನೆ ಬಂದದ್ದು ಸ್ಪ್ಯಾನಿಷ್ ಕಾನೂನಿನಿಂದ. ಆದರೂ ಆ ಆಸ್ತಿಯ ಆಡಳಿತದಲ್ಲಿ ಹೆಂಡತಿಗೆ ಸಮಾನ ಅಧಿಕಾರ ದೊರೆತದ್ದು 1975ರಲ್ಲಿ. ಅಲ್ಲಿಯವರೆಗೆ ಯಜಮಾನಿಕೆ ಗಂಡನದೇ ಆಗಿತ್ತು. ಇಂದು ನಿಯಮ ಸ್ಪಷ್ಟವಾಗಿದೆ. ಆ ರಾಜ್ಯದಲ್ಲಿ ನೆಲೆಸಿದ ದಂಪತಿ ಮದುವೆಯ ದಿನದಿಂದ ಬೇರೆಯಾದ ದಿನದವರೆಗೆ ದುಡಿದು ಗಳಿಸಿದ್ದು, ಯಾರ ಹೆಸರಿನಲ್ಲಿದ್ದರೂ, ಇಬ್ಬರಿಗೂ ಅರ್ಧರ್ಧ. ಮದುವೆಗೆ ಮುಂಚಿನದು, ವಾರಸುದಾರಿಕೆಯಿಂದ ಬಂದದ್ದು, ಒಬ್ಬರಿಗೇ ಉಡುಗೊರೆಯಾಗಿ ಬಂದದ್ದು ಪ್ರತ್ಯೇಕ ಆಸ್ತಿ. ನಿವೃತ್ತಿ ಖಾತೆಯಲ್ಲಿ ದಾಂಪತ್ಯದ ವರ್ಷಗಳ ಭಾಗಕ್ಕೆ ಈ ಪಾಲು ಅನ್ವಯಿಸುತ್ತದೆ. ಕೈಸೇರದ ಷೇರುಗಳಲ್ಲಿಯೂ ಕಾಲದ ಅನುಪಾತ ನೋಡಿ ಪಾಲು ಗೊತ್ತುಮಾಡುತ್ತಾರೆ. ಆದರೆ ಇದು ಅಮೆರಿಕೆಯ ಒಂಬತ್ತು ರಾಜ್ಯಗಳ ಪದ್ಧತಿ. ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್‌ಗಳಲ್ಲಿ ನ್ಯಾಯಾಧೀಶರು ನ್ಯಾಯಸಮ್ಮತವಾದದ್ದನ್ನು ಹುಡುಕುತ್ತಾರೆ. ಅದು ಅರ್ಧವೇ ಆಗಬೇಕೆಂದಿಲ್ಲ.

ಮೈಸೂರಿನ ನಿವೇಶನದ ಗತಿಯೇನು? ಆಸ್ತಿ ಎಲ್ಲಿಯೇ ಇರಲಿ, ಕ್ಯಾಲಿಫೋರ್ನಿಯದ ಗಳಿಕೆಯಿಂದ ಕೊಂಡಿದ್ದರೆ ಅದು ಸಮುದಾಯ ಆಸ್ತಿಯೇ. ಅಲ್ಲಿನ ತೀರ್ಪು ಮೈಸೂರಿನ ಉಪನೋಂದಣಾಧಿಕಾರಿಯ ದಾಖಲೆಯನ್ನು ತಾನಾಗಿ ತಿದ್ದಲಾರದು, ನಿಜ. ಆದರೆ ನಿವೇಶನವನ್ನು ಗಂಡನಿಗೆ ಬಿಟ್ಟು, ಅದರ ಬೆಲೆಗೆ ಸರಿದೂಗುವಂತೆ ಫ್ರೀಮಾಂಟ್‌ನ ಮನೆಯಲ್ಲಿ ಹೆಂಡತಿಗೆ ಹೆಚ್ಚಿನ ಪಾಲು ಕೊಡಬಹುದು. ನಿಜವಾದ ತೊಡಕಿರುವುದು ಬೇರೆಯವರ ಹೆಸರಿನ ಆಸ್ತಿಯಲ್ಲಿ. ಅನಿವಾಸಿ ಭಾರತೀಯರು ಕೃಷಿಭೂಮಿ ಕೊಳ್ಳುವಂತಿಲ್ಲ. ಆದ್ದರಿಂದ ಇಲ್ಲಿಂದ ಹೋದ ಹಣ ಅಲ್ಲಿ ಅಪ್ಪನ ಹೆಸರಿನ ತೋಟವಾಗುತ್ತದೆ. ಸಂಗಾತಿಯ ಲಿಖಿತ ಒಪ್ಪಿಗೆಯಿಲ್ಲದೆ ಸಮುದಾಯ ಆಸ್ತಿಯನ್ನು ದಾನ ಮಾಡುವುದನ್ನು ಕ್ಯಾಲಿಫೋರ್ನಿಯದ ಕಾನೂನು ಒಪ್ಪುವುದಿಲ್ಲ. ಆದರೆ ಹಣ ಹೋದದ್ದನ್ನು ತೋರಿಸಲು ಬ್ಯಾಂಕಿನ ದಾಖಲೆ ಬೇಕು. ಮನೆಯ ಖಾತೆಯ ಗುಪ್ತಪದವೇ ಗೊತ್ತಿಲ್ಲದ ಹೆಣ್ಣುಮಗಳು ಆ ದಾಖಲೆಯನ್ನು ಎಲ್ಲಿಂದ ತಂದಾಳು?

ಒಡವೆಯ ಪ್ರಶ್ನೆಯೂ ಹೀಗೆಯೇ. ಸ್ತ್ರೀಧನ ಹೆಂಡತಿಯೊಬ್ಬಳ ಸ್ವತ್ತು, ಗಂಡನ ಮನೆಯವರು ಅದನ್ನು ಕಾಯುವವರಷ್ಟೇ ಎಂದು ಭಾರತದ ಸರ್ವೋಚ್ಚ ನ್ಯಾಯಾಲಯ 1985ರಲ್ಲೇ ಹೇಳಿದೆ. ಆದರೆ ಒಡವೆ ಇರುವುದು ಅತ್ತೆಯ ಹೆಸರಿನ ಲಾಕರಿನಲ್ಲಿ.

ಇನ್ನು ಸಾಲ. ಆಸ್ತಿಯಂತೆ ದಾಂಪತ್ಯದ ಅವಧಿಯ ಸಾಲವೂ ಹಂಚಿಕೆಗೆ ಬರುತ್ತದೆ. ಓದಿಗಾಗಿ ಮಾಡಿದ ಸಾಲವನ್ನು ಸಾಮಾನ್ಯವಾಗಿ ಓದಿದವರಿಗೇ ಹೊರಿಸುತ್ತಾರೆ. ಬೇರೆಯಾದ ನಂತರ ಒಬ್ಬರು ತಮಗಾಗಿ ಮಾಡಿದ ಸಾಲ ಅವರದೇ, ಅದು ಅನ್ನ, ಬಾಡಿಗೆ, ಔಷಧಿಯಂಥ ಅಗತ್ಯಕ್ಕೆ ಆದದ್ದಲ್ಲದಿದ್ದರೆ. ವಿಚ್ಛೇದನದ ಅರ್ಜಿಯ ಹಿಂದೆಯೇ ಹುಟ್ಟಿಕೊಳ್ಳುವ ಭಾವನ ಕೈಗಡ, ಚಿಕ್ಕಪ್ಪನ ಕೈಗಡಗಳಿಗೆ ಪುರಾವೆ ಒದಗಿಸಬೇಕಾಗುತ್ತದೆ. ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ: ನ್ಯಾಯಾಲಯದ ಹಂಚಿಕೆ ಗಂಡಹೆಂಡಿರನ್ನು ಕಟ್ಟಿಹಾಕುತ್ತದೆ, ಬ್ಯಾಂಕನ್ನಲ್ಲ. ಗೃಹಸಾಲವನ್ನು ಗಂಡನೇ ತೀರಿಸಬೇಕೆಂದು ತೀರ್ಪಿದ್ದರೂ, ಆತ ಕಂತು ತಪ್ಪಿಸಿದರೆ ಬ್ಯಾಂಕು ಸಹಿ ಹಾಕಿದ ಹೆಂಡತಿಯನ್ನೂ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಮನೆಯನ್ನು ಮಾರಿ ಸಾಲ ತೀರಿಸುವುದೋ, ಉಳಿಸಿಕೊಳ್ಳುವವರ ಒಬ್ಬರ ಹೆಸರಿಗೇ ಹೊಸ ಸಾಲ ಮಾಡಿಸುವುದೋ ತೀರ್ಪಿನಲ್ಲೇ ಗಡುವಿನೊಂದಿಗೆ ದಾಖಲಾಗಬೇಕು.

ಮುಚ್ಚಿಟ್ಟವರಿಗೆ ಕಾನೂನು ಕಠಿಣವಾಗಿದೆ. ಕ್ಯಾಲಿಫೋರ್ನಿಯದ ಒಂದು ಪ್ರಕರಣದಲ್ಲಿ ಹೆಂಡತಿಯೊಬ್ಬಳು ಸಹೋದ್ಯೋಗಿಗಳೊಡನೆ ಲಾಟರಿ ಗೆದ್ದು, ತನ್ನ ಪಾಲಿನ 13 ಲಕ್ಷ 36 ಸಾವಿರ ಡಾಲರುಗಳ ವಿಷಯ ಗಂಡನಿಗೆ ತಿಳಿಸದೆ ವಿಚ್ಛೇದನ ಪಡೆದಳು. ಸಂಗತಿ ಹೊರಬಿದ್ದಾಗ ಅರ್ಧವನ್ನಲ್ಲ, ಇಡೀ ಮೊತ್ತವನ್ನೇ ನ್ಯಾಯಾಲಯ ಗಂಡನಿಗೆ ಕೊಟ್ಟಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಕೆ ಮೊದಲೇ ಹೇಳಿದ್ದರೆ ಅರ್ಧವಾದರೂ ಉಳಿಯುತ್ತಿತ್ತೇನೋ.

ಮತ್ತೆ ಫ್ರೀಮಾಂಟ್‌ನ ಆ ಮನೆಗೆ ಬರುವುದಾದರೆ, ಹದಿನೈದು ವರ್ಷ ಆಕೆ ಅಡುಗೆ ಮಾಡಿದ್ದಾಳೆ, ಮಕ್ಕಳನ್ನು ಬೆಳೆಸಿದ್ದಾಳೆ, ಊರಿನಿಂದ ಬಂದ ಅತ್ತೆಮಾವಂದಿರನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾಳೆ. ಆ ದುಡಿಮೆಯ ಬಲದಿಂದಲೇ ಗಂಡ ರಾತ್ರಿಯ ಕರೆಗಳಿಗೆ ಕುಳಿತದ್ದು, ಬಡ್ತಿ ಪಡೆದದ್ದು. ‘ನಾನು ಗಳಿಸಿದೆ, ಅವಳು ಮನೆಯಲ್ಲಿದ್ದಳು’ ಎಂಬ ವಾದಕ್ಕೆ ಅರ್ಧರ್ಧದ ನಿಯಮ ಕೊಡುವ ಉತ್ತರ ಇದೇ. ಅದು ಆಕೆಗೆ ಕರುಣೆಯಿಂದ ಕೊಟ್ಟದ್ದಲ್ಲ, ಸಲ್ಲಬೇಕಾದ ಬಾಕಿ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ ಭಾಷೆ ಕನ್ನಡ. ಪ್ರತಿವರ್ಷ ಬಸವ ಜಯಂತಿಯಂದು ಅದನ್ನು ನೆನೆಯುವ ಕುಟುಂಬಗಳು, ಮದುವೆ ಗಟ್ಟಿಯಾಗಿರುವಾಗಲೇ ಮನೆಯ ಪತ್ರ, ಖಾತೆ, ಸಾಲದ ವಿವರಗಳನ್ನು ಇಬ್ಬರೂ ಕೂತು ಓದುವ ಒಂದು ದಿನವನ್ನೂ ಗೊತ್ತುಮಾಡಿಕೊಳ್ಳಲಿ. ಸಹಿ ಹಾಕುವ ಕೈಗೆ ಲೆಕ್ಕವೂ ತಿಳಿದಿರಬೇಕು.