ತಲಕಾಡು: ಮರಳಿನಡಿ ಮಲಗಿರೋ ಊರು, ಅದರ ಮೇಲೆ ಬದುಕಿರೋ ಊರು

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಎಲ್ಲೇ ಇದ್ದರೂ ಸ್ವಾಗತ. ಇವತ್ತು ಕಾವೇರಿ ದಂಡೆಯ ಒಂದು ಚಿಕ್ಕ ಊರಿಗೆ ಹೋಗಿಬರೋಣ. ನಿಮ್ಮಲ್ಲಿ ತುಂಬಾ ಜನ ಅಲ್ಲಿಗೆ ಈಗಾಗಲೇ ಹೋಗಿರ್ತೀರಿ. ಶಾಲಾ ಪ್ರವಾಸದಲ್ಲೋ, ಭಾನುವಾರ ಬೈಕ್ ಹತ್ತಿಕೊಂಡೋ ಹೋಗಿ, ಮರಳಲ್ಲಿ ಓಡಾಡಿ, ನೀರಲ್ಲಿ ಆಡಿ, ಒಂದು ರೀಲ್ ಮಾಡಿ ವಾಪಸ್ ಬಂದಿರ್ತೀರಿ. ಆ ಊರು ತಲಕಾಡು.

ಮೈಸೂರು ಜಿಲ್ಲೆ, ತಿರುಮಕೂಡಲು ನರಸೀಪುರ ತಾಲ್ಲೂಕು. ಮೈಸೂರಿನಿಂದ ಸುಮಾರು 45 ಕಿಲೋಮೀಟರ್, ಬೆಂಗಳೂರಿನಿಂದ ಮಳವಳ್ಳಿ ಮೇಲೆ ಹೋದರೆ ಸುಮಾರು 130 ಕಿಲೋಮೀಟರ್. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಬ್ಬು, ತೆಂಗು. ಇಷ್ಟು ಹಸಿರಿನ ಮಧ್ಯೆ ಒಂದು ಊರಿನ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಮರಳಿನ ಗುಡ್ಡ. ಸಮುದ್ರ ಇಲ್ಲ, ಮರುಭೂಮಿ ಇಲ್ಲ. ಹಾಗಾದರೆ ಈ ಮರಳು ಎಲ್ಲಿಂದ ಬಂತು?

ಈ ಪ್ರಶ್ನೆಯನ್ನ ಯಾರನ್ನೇ ಕೇಳಿ, ಒಂದೇ ಉತ್ತರ: ಅಲಮೇಲಮ್ಮನ ಶಾಪ. ಆ ಕಥೆಯನ್ನೂ ಹೇಳ್ತೀನಿ. ಅದಕ್ಕೂ ಮುಂಚೆ ಆ ಮರಳಿನ ಕೆಳಗೆ ಏನಿದೆ ಅಂತ ನೋಡೋಣ.

ತಲಕಾಡಿನ ಹಳೇ ಹೆಸರು ತಲವನಪುರ. ಸ್ಥಳಪುರಾಣದ ಪ್ರಕಾರ ತಲ ಮತ್ತು ಕಾಡ ಅನ್ನೋ ಇಬ್ಬರು ಬೇಡರ ಹೆಸರು ಸೇರಿ ತಲಕಾಡು ಆಯ್ತು. ಅವರು ಒಂದು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಬಂತು, ಅದೇ ಮರದ ಎಲೆ ಹಚ್ಚಿದಾಗ ಗಾಯ ವಾಸಿ ಆಯ್ತು, ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನಿಗೆ ವೈದ್ಯೇಶ್ವರ ಅಂತ ಹೆಸರು ಬಂತು ಅಂತಾರೆ.

ಇನ್ನು ಇತಿಹಾಸ. ನಮ್ಮ ನಾಡನ್ನ ಆಳಿದ ಹಳೇ ರಾಜವಂಶಗಳಲ್ಲಿ ಒಂದು ಗಂಗರದು. ಮೊದಲು ಕೋಲಾರದಲ್ಲಿದ್ದ ಅವರ ರಾಜಧಾನಿ ಆಮೇಲೆ ತಲಕಾಡಿಗೆ ಬಂತು. ಶತಮಾನಗಳ ಕಾಲ ಗಂಗರ ಹೆಸರು ತಲಕಾಡಿನ ಜೊತೆಗೇ ಅಂಟಿಕೊಂಡಿತ್ತು. ಶ್ರವಣಬೆಳಗೊಳದ ಗೊಮ್ಮಟನನ್ನ ನೋಡಿರ್ತೀರಲ್ಲ, ಸುಮಾರು 58 ಅಡಿ ಎತ್ತರದ ಆ ಮೂರ್ತಿಯನ್ನ ಮಾಡಿಸಿದ ಚಾವುಂಡರಾಯ ಇದೇ ಗಂಗರ ಮಂತ್ರಿ. 11ನೇ ಶತಮಾನದ ಆರಂಭದಲ್ಲಿ ಚೋಳರು ಬಂದು ಊರನ್ನ ಗೆದ್ದುಕೊಂಡು, ರಾಜರಾಜಪುರ ಅಂತ ಹೊಸ ಹೆಸರಿಟ್ಟರು. ಅದಾಗಿ ಸುಮಾರು ನೂರು ವರ್ಷಕ್ಕೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನ ಓಡಿಸಿದ. ಆ ಗೆಲುವು ಅವನಿಗೆ ಎಷ್ಟು ದೊಡ್ಡದಾಗಿತ್ತು ಅಂದರೆ ‘ತಲಕಾಡುಗೊಂಡ’ ಅಂತ ಬಿರುದನ್ನೇ ಇಟ್ಟುಕೊಂಡ. 1117ರಲ್ಲಿ ಇಲ್ಲಿ ಕೀರ್ತಿನಾರಾಯಣ ದೇವಸ್ಥಾನ ಕಟ್ಟಿಸಿದ. ಬೇಲೂರಿನ ಚೆನ್ನಕೇಶವ ಕೂಡ ಅದೇ ವರ್ಷದ್ದು.

ಅಂದರೆ ಗಂಗರು, ಚೋಳರು, ಹೊಯ್ಸಳರು, ಆಮೇಲೆ ವಿಜಯನಗರ, ಕೊನೆಗೆ ಮೈಸೂರು ಒಡೆಯರು. ದಕ್ಷಿಣದ ಇಷ್ಟೆಲ್ಲ ರಾಜ್ಯಗಳು ಕಣ್ಣಿಟ್ಟಿದ್ದ ಊರು ಇದು. ಇವತ್ತು ನೀವು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ನಡೀತಿರೋವಾಗ ಕಾಲಡಿ ಇರೋದು ಆ ಊರೇ. ಮೂವತ್ತಕ್ಕೂ ಹೆಚ್ಚು ದೇವಸ್ಥಾನಗಳು ಮರಳಿನ ಕೆಳಗಿವೆ ಅಂತ ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ.

ಈಗ ಶಾಪದ ಕಥೆ. 1610. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗರಾಯ ಇದ್ದ. ಅವನಿಗೆ ವಾಸಿಯಾಗದ ಬೆನ್ನುಹುಣ್ಣು. ರೋಗ ಗುಣ ಮಾಡೋ ದೇವರು ಅಂತ ತಲಕಾಡಿನ ವೈದ್ಯೇಶ್ವರನ ಹತ್ತಿರ ಬಂದ, ಇಲ್ಲೇ ತೀರಿಕೊಂಡ. ಆ ಹೊತ್ತಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನ ವಶ ಮಾಡಿಕೊಂಡರು. ಶ್ರೀರಂಗರಾಯನ ಹೆಂಡತಿ ಅಲಮೇಲಮ್ಮನ ಹತ್ತಿರ ಒಡವೆಗಳಿದ್ದವು. ಅವು ಶ್ರೀರಂಗಪಟ್ಟಣದ ದೇವಿ ರಂಗನಾಯಕಿಗೆ ಹಾಕ್ತಿದ್ದ ಒಡವೆಗಳು, ವಾಪಸ್ ಕೊಡಿ ಅಂತ ಮೈಸೂರಿನವರು ಕೇಳಿದರು. ಸೈನಿಕರು ಬೆನ್ನು ಹತ್ತಿದರು. ಅಲಮೇಲಮ್ಮ ಒಡವೆ ಕಟ್ಟಿಕೊಂಡು ಮಾಲಂಗಿ ಹತ್ತಿರ ಕಾವೇರಿಗೆ ಹಾರಿದಳು. ಹಾರೋವಾಗ ಮೂರು ಮಾತು ಹೇಳಿದಳಂತೆ: ತಲಕಾಡಿನ ಮೇಲೆ ಮರಳು ಬೀಳಬೇಕು, ಮಾಲಂಗಿಯಲ್ಲಿ ಮಡು ಆಗಬೇಕು, ಮೈಸೂರು ರಾಜರಿಗೆ ಮಕ್ಕಳಾಗಬಾರದು.

ಕಥೆ ಕೇಳಿದರೆ ಮೈ ಜುಮ್ ಅನ್ನುತ್ತೆ. ಯಾಕಂದರೆ ಮೂರೂ ನಿಜ ಆದ ಹಾಗೇ ಕಾಣುತ್ತೆ. ತಲಕಾಡಿನಲ್ಲಿ ಮರಳು ಕಣ್ಣೆದುರಿಗೇ ಇದೆ. ಮಾಲಂಗಿಯಲ್ಲಿ ಮಡು ಇದೆ. ಒಡೆಯರ್ ಮನೆತನದಲ್ಲೂ ದತ್ತು ಮತ್ತೆ ಮತ್ತೆ ಬರುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತಗೊಂಡರು. ನಾಲ್ವಡಿಯವರ ನಂತರ ಪಟ್ಟ ಸಿಕ್ಕಿದ್ದು ತಮ್ಮನ ಮಗನಿಗೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ತೀರಿಕೊಂಡಾಗ ಅವರಿಗೂ ಮಕ್ಕಳಿರಲಿಲ್ಲ, 2015ರಲ್ಲಿ ಯದುವೀರರನ್ನ ದತ್ತು ತಗೊಂಡರು. 2017ರ ಡಿಸೆಂಬರ್‌ನಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ‘ಶಾಪ ವಿಮೋಚನೆ’ ಅಂತ ಟಿವಿಯಲ್ಲಿ ಬಂದ ಹೆಡ್‌ಲೈನ್‌ಗಳು ನಿಮಗೆ ನೆನಪಿರಬಹುದು. ಆದರೆ ಮಧ್ಯದಲ್ಲಿ ಸ್ವಂತ ಮಕ್ಕಳಿದ್ದ ರಾಜರೂ ಇದ್ದಾರೆ. ನಾಲ್ವಡಿಯವರೇ ಚಾಮರಾಜೇಂದ್ರ ಒಡೆಯರ ಸ್ವಂತ ಮಗ. ಹೊಂದೋದನ್ನ ನೆನಪಿಟ್ಟುಕೊಂಡು ಹೊಂದದೇ ಇರೋದನ್ನ ಮರೆಯೋದು ನಮ್ಮೆಲ್ಲರ ಅಭ್ಯಾಸ ತಾನೇ?

ಇರಲಿ, ನನಗೆ ಇವತ್ತು ಮುಖ್ಯ ಅನಿಸೋದು ಮೊದಲನೇ ಮಾತು. ಮರಳು.

ಕೃಷಿ ವಿಜ್ಞಾನಿ, ಕಾದಂಬರಿಕಾರ ಡಾ. ಕೆ.ಎನ್. ಗಣೇಶಯ್ಯ ಅವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಈ ಶಾಪವನ್ನ ಅವರು ವಿಜ್ಞಾನಿಯ ಕಣ್ಣಲ್ಲಿ ನೋಡಿ ಬರೆದಿದ್ದಾರೆ. ಆ ವಿವರಣೆಯ ಮಧ್ಯದಲ್ಲಿ ಬರೋದು ಒಂದು ಅಣೆಕಟ್ಟು, ಮಾಧವಮಂತ್ರಿ ಅಣೆಕಟ್ಟು. ತಲಕಾಡಿನ ಹತ್ತಿರವೇ ಇದೆ. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ ಕಟ್ಟಿದ್ದು. ಅಂದರೆ ಅಲಮೇಲಮ್ಮನ ಕಥೆಗಿಂತ ಎರಡು ಶತಮಾನಕ್ಕೂ ಹೆಚ್ಚು ಹಳೇದು.

ಲೆಕ್ಕ ಹೀಗೆ. ತಲಕಾಡು ಇರೋದು ಕಾವೇರಿ ಜೋರಾಗಿ ತಿರುಗೋ ಜಾಗದಲ್ಲಿ. ನದಿ ತಿರುವು ತಗೊಳ್ಳೋವಾಗ ತಿರುವಿನ ಒಳಗಡೆ ನೀರು ನಿಧಾನ ಆಗುತ್ತೆ, ತಂದ ಮರಳನ್ನ ಅಲ್ಲೇ ಬಿಡುತ್ತೆ. ಹೊರಗಡೆ ನೀರು ರಭಸವಾಗಿ ಹೋಗುತ್ತೆ, ದಂಡೆಯನ್ನ ಕೊರೆದು ಆಳ ಮಾಡುತ್ತೆ. ಒಂದು ಕಡೆ ಮರಳು, ಇನ್ನೊಂದು ಕಡೆ ಮಡು. ಶಾಪದ ಎರಡು ಮಾತಿಗೆ ಒಂದೇ ನದಿಯ ತಿರುವು ಸಾಕು. ಅದರ ಜೊತೆಗೆ ಅಣೆಕಟ್ಟು ಕಟ್ಟಿ ನೀರನ್ನ ಕಾಲುವೆಗೆ ತಿರುಗಿಸಿದಾಗ ನದಿಯಲ್ಲಿ ಹರಿವು ಕಮ್ಮಿ ಆಗುತ್ತೆ, ಪಾತ್ರದ ಮರಳು ಬಿಸಿಲಿಗೆ ಬೀಳುತ್ತೆ, ಒಣಗುತ್ತೆ. ಆಮೇಲೆ ನೈಋತ್ಯ ಮುಂಗಾರಿನ ಗಾಳಿ ಶುರು. ಗಾಳಿ ಬೀಸೋದು ನದಿ ಕಡೆಯಿಂದ ಊರಿನ ಕಡೆಗೆ. ಒಣ ಮರಳು ಗಾಳಿ ಜೊತೆ ಎದ್ದು ಊರೊಳಗೆ ಬರುತ್ತೆ.

ಎಷ್ಟು ವೇಗವಾಗಿ ಗೊತ್ತಾ? ಅದೇ ಗೆಜೆಟಿಯರ್‌ನಲ್ಲಿ ದಾಖಲೆ ಇದೆ: ವರ್ಷಕ್ಕೆ 9ರಿಂದ 10 ಅಡಿ. ಮೂರು ಕಡೆಯಿಂದ ಮರಳು ಒತ್ತಿಕೊಂಡು ಬರ್ತಿತ್ತು, ಜನ ಮನೆ ಬಿಟ್ಟು ಹಿಂದಕ್ಕೆ ಸರೀತಾನೇ ಇದ್ದರು ಅಂತ ಅದರಲ್ಲಿ ಬರೆದಿದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ವರ್ಷಕ್ಕೆ 10 ಅಡಿ ಅಂದರೆ ಓಡಿಹೋಗಬೇಕಾದ ಪ್ರವಾಹ ಅಲ್ಲ. ಬೆಳಗ್ಗೆ ಎದ್ದು ನೋಡಿದರೆ ಏನೂ ಬದಲಾಗಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಹಿತ್ತಲ ಗೋಡೆಗೆ ಮರಳು ತಾಗಿದೆ. ಮುಂದಿನ ವರ್ಷ ಹಿತ್ತಲ ಬಾಗಿಲು ತೆಗೆಯೋಕೆ ಆಗಲ್ಲ. ಅದರ ಮುಂದಿನ ವರ್ಷ ಅಡುಗೆಮನೆ. ಆಮೇಲೆ ತೊಲೆ, ಬಾಗಿಲು, ಹೆಂಚು ಬಿಚ್ಚಿಕೊಂಡು ಸ್ವಲ್ಪ ಹಿಂದೆ ಹೋಗಿ ಹೊಸ ಮನೆ. ಒಬ್ಬ ಮನುಷ್ಯ 60 ವರ್ಷ ಬದುಕಿದರೆ ಅಷ್ಟರಲ್ಲಿ ಮರಳು 600 ಅಡಿ ಮುಂದೆ ಬಂದಿರುತ್ತೆ. ಅಜ್ಜಿ ಮದುವೆಯಾಗಿ ಬಂದ ಮನೆಯನ್ನ ಮೊಮ್ಮಗಳು ನೋಡೇ ಇರಲ್ಲ. ನಮಗೆ ರಾಣಿಯ ಕಥೆ ಗೊತ್ತು, ರಾಜರ ವಂಶಾವಳಿ ಗೊತ್ತು. ಹೀಗೆ ಮನೆ ಬಿಟ್ಟು ಸರಿದವರ ಒಂದೇ ಒಂದು ಹೆಸರೂ ನಮಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಕೇಳಿ. ಅಷ್ಟು ಕಷ್ಟ ಇದ್ದರೂ ತಲಕಾಡಿನ ಜನಸಂಖ್ಯೆ ಜಾಸ್ತಿ ಆಗ್ತಿದೆ ಅಂತ ಆ ಗೆಜೆಟಿಯರ್‌ನಲ್ಲೇ ಇದೆ. ಯಾಕೆ? ಮಾಧವಮಂತ್ರಿ ಕಾಲುವೆಯ ನೀರು. ಆ ನೀರಿಂದ ಗದ್ದೆ ಚೆನ್ನಾಗಿ ಬೆಳೀತಿತ್ತು. ಊರಿನ ಮೇಲೆ ಮರಳು ತಂದ ಅಣೆಕಟ್ಟೇ ಊರಿಗೆ ಅನ್ನವನ್ನೂ ಕೊಟ್ಟಿತು. ಅದಕ್ಕೇ ಅವರು ಊರು ಬಿಟ್ಟು ಹೋಗಲಿಲ್ಲ. ಸರಿದರು, ಆದರೆ ಹೋಗಲಿಲ್ಲ.

ಶಾಪ ಅಂದರೆ ಮಾತು ಅಲ್ಲಿಗೇ ಮುಗೀತು. ಯಾರೂ ಏನೂ ಮಾಡೋ ಹಾಗಿಲ್ಲ. ಆದರೆ ಅಣೆಕಟ್ಟು, ಗಾಳಿ, ಒಣಗಿದ ನದಿಪಾತ್ರ ಅಂದರೆ ಏನಾದರೂ ಮಾಡಬಹುದು. ಮಾಡಿದ್ದಾರೆ ಕೂಡ. ಇವತ್ತು ತಲಕಾಡಿನ ಮರಳ ದಿಬ್ಬಗಳ ಮೇಲೆ ನೀಲಗಿರಿ, ಸರ್ವೆ ಮರಗಳ ಕಾಡು ಕಾಣುತ್ತಲ್ಲ, ಅದು ಫೋಟೋಗೆ ಹಿನ್ನೆಲೆ ಇರಲಿ ಅಂತ ಬೆಳೆಸಿದ್ದಲ್ಲ. ಮರಳನ್ನ ಹಿಡಿದು ನಿಲ್ಲಿಸೋಕೆ ಬೆಳೆಸಿದ್ದು. ಹಾಗಂತ ಅಲಮೇಲಮ್ಮನ ಕಥೆಯನ್ನ ಬಿಸಾಕಬೇಕು ಅಂತ ನಾನು ಹೇಳ್ತಿಲ್ಲ. ಗಂಡ ಸತ್ತ ಹೆಂಗಸಿನ ಹಿಂದೆ ಒಡವೆಗಾಗಿ ಸೈನಿಕರನ್ನ ಕಳಿಸಿದ್ದು ತಪ್ಪು ಅಂತ ಊರಿನ ಜನಕ್ಕೆ ಅನಿಸಿತು. 400 ವರ್ಷ ಆದರೂ ಆ ತಪ್ಪನ್ನ ಅವರು ಮರೆತಿಲ್ಲ. ಮೈಸೂರು ಅರಮನೆಯಲ್ಲೇ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುತ್ತೆ. ಆ ನೆನಪು ಇರಲಿ. ಮರಳಿನ ಲೆಕ್ಕವನ್ನ ಮಾತ್ರ ಆಕೆಯ ತಲೆ ಮೇಲೆ ಹಾಕೋದು ಬೇಡ.

ಸರಿ, ಹೋದರೆ ಏನು ನೋಡಬೇಕು? ಮೊದಲು ವೈದ್ಯೇಶ್ವರ. ಇಲ್ಲಿನ ದೊಡ್ಡ ದೇವಸ್ಥಾನ. ಬಾಗಿಲ ಎರಡೂ ಕಡೆ ಎತ್ತರದ ದ್ವಾರಪಾಲಕರು ನಿಂತಿದ್ದಾರೆ, ಅವರ ಒಡವೆಯ ಕೆತ್ತನೆಯನ್ನ ಹತ್ತಿರದಿಂದ ನೋಡಿ. ಅಲ್ಲಿಂದ ಮರಳಿನ ದಾರಿ. ಮೇಲೆ ಶೀಟಿನ ನೆರಳಿದೆ, ಆದರೂ ಮಧ್ಯಾಹ್ನ ಬೇಡ, ಕಾಲು ಸುಡುತ್ತೆ. ಬೆಳಗ್ಗೆ ಬೇಗ ಹೋಗಿ. ಪಾತಾಳೇಶ್ವರ, ಮರಳೇಶ್ವರ ಎರಡೂ ತಗ್ಗಿನಲ್ಲಿವೆ, ಮೆಟ್ಟಿಲು ಇಳಿದು ಹೋಗಬೇಕು. ಪಾತಾಳೇಶ್ವರ ಲಿಂಗ ದಿನದ ಬೇರೆ ಬೇರೆ ಹೊತ್ತಲ್ಲಿ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತೆ ಅನ್ನೋದು ಊರಿನವರ ನಂಬಿಕೆ. ಕೀರ್ತಿನಾರಾಯಣ ದೇವಸ್ಥಾನದ ಹತ್ತಿರ ನಿಂತರೆ ಸುತ್ತ ಮರಳಿನ ದಿಬ್ಬ, ನಡುವೆ ಕೆಳಗೆ ದೇವಸ್ಥಾನ. ಮರಳು ಎಷ್ಟು ಎತ್ತರ ತುಂಬಿತ್ತು ಅಂತ ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ, ಕಣ್ಣಿಗೇ ಗೊತ್ತಾಗುತ್ತೆ.

ಈ ಮೂರು ಶಿವಾಲಯ, ಜೊತೆಗೆ ವಿಜಯಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ. ಐದೂ ಸೇರಿ ಪಂಚಲಿಂಗ. ಕಾರ್ತಿಕ ಮಾಸದ ಸೋಮವಾರಕ್ಕೆ ಅಪರೂಪದ ನಕ್ಷತ್ರ, ಯೋಗ ಕೂಡಿ ಬಂದಾಗ ಪಂಚಲಿಂಗ ದರ್ಶನ ನಡೆಯುತ್ತೆ. 2009, 2013, 2020ರಲ್ಲಿ ನಡೆದಿತ್ತು. ಸಮಯ ಇದ್ದರೆ ಮುಡುಕುತೊರೆ ಬೆಟ್ಟ ಹತ್ತಿ. ಮೇಲಿಂದ ಕಾವೇರಿ ತಿರುಗೋದು ಕಾಣುತ್ತೆ, ನಾನು ಆಗಲೇ ಹೇಳಿದ ತಿರುವಿನ ಲೆಕ್ಕ ಅಲ್ಲಿ ಅರ್ಥ ಆಗುತ್ತೆ. ವಾಪಸ್ ಬರೋವಾಗ 1268ರ ಸೋಮನಾಥಪುರ ದೇವಸ್ಥಾನವನ್ನೂ ಸೇರಿಸಿಕೊಳ್ಳಬಹುದು.

ಕೊನೇದಾಗಿ ನೀರು. ದಯವಿಟ್ಟು ಈ ಭಾಗವನ್ನ ಸ್ಕಿಪ್ ಮಾಡಬೇಡಿ. ತಲಕಾಡಿನಲ್ಲಿ ಕಾವೇರಿ ತುಂಬಾ ಸಾಧು ನದಿ ಥರ ಕಾಣುತ್ತೆ. ಪಾದ ಮುಳುಗೋಷ್ಟು ನೀರು, ಕೆಳಗೆ ಮೆತ್ತನೆ ಮರಳು. ಈಜು ಬರದವರೂ ಧೈರ್ಯವಾಗಿ ಇಳೀತಾರೆ. ಆದರೆ ಮರಳಿನ ನದಿಯ ತಳ ಒಂದೇ ಸಮ ಇರಲ್ಲ. ನಾಲ್ಕು ಹೆಜ್ಜೆ ಮೊಣಕಾಲು ಮಟ್ಟ, ಐದನೇ ಹೆಜ್ಜೆಗೆ ಗುಂಡಿ. ಎಲ್ಲಾದರೂ ಮರಳು ತೆಗೆದಿದ್ದರೆ ಆ ಗುಂಡಿ ಇನ್ನೂ ಆಳ. ಇದರ ಜೊತೆಗೆ, ಕಾವೇರಿ ಮತ್ತು ಕಪಿಲಾ ಸೇರೋದು ತಲಕಾಡಿಗಿಂತ ಮೇಲೆ, ನರಸೀಪುರದಲ್ಲಿ. ಕೆಆರ್‌ಎಸ್‌ನಲ್ಲಿ ನೀರು ಬಿಟ್ಟರೂ ಇಲ್ಲಿಗೆ ಬರುತ್ತೆ, ಕಬಿನಿಯಲ್ಲಿ ಬಿಟ್ಟರೂ ಇಲ್ಲಿಗೇ ಬರುತ್ತೆ. ತಲಕಾಡಿನಲ್ಲಿ ಬಿಸಿಲಿದ್ದರೂ ನದಿ ಏರಬಹುದು. ಇಲ್ಲಿ ಮುಳುಗಿ ಸತ್ತವರ ಸುದ್ದಿ ಆಗಾಗ ಬರುತ್ತೆ, ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಪ್ರತಿ ಸಲ ಯಾರಾದರೊಬ್ಬರು ಅದಕ್ಕೂ ಶಾಪ ಅಂತಾರೆ. ನನಗೆ ಸಿಟ್ಟು ಬರೋದು ಅಲ್ಲೇ. ನದಿಯ ತಳ ಗೊತ್ತಿದ್ದರೆ ಉಳಿಸಬಹುದಾದ ಜೀವಕ್ಕೆ ಶಾಪದ ಹೆಸರು ಯಾಕೆ?

ಅದಕ್ಕೇ ದಂಡೆಯಲ್ಲಿ ತೆಪ್ಪ ಹಾಕೋರನ್ನ ಒಂದು ಮಾತು ಕೇಳಿ. ಎಲ್ಲಿ ಇಳಿಯಬಹುದು, ಎಲ್ಲಿ ಬೇಡ ಅಂತ ಅವರಿಗೆ ಗೊತ್ತು. ಬೇಡ ಅಂದರೆ ಬೇಡ. ಬೋರ್ಡ್ ಹಾಕಿದ ಕಡೆ ಇಳಿಯಲೇಬೇಡಿ. ಕುಡಿದು ನೀರಿಗೆ ಹೋಗಬೇಡಿ. ತಂದ ಪ್ಲಾಸ್ಟಿಕ್ ಬಾಟಲಿಯನ್ನ ಮರಳಲ್ಲಿ ಹೂತು ಬರಬೇಡಿ, ಆ ಮರಳಿನ ಕೆಳಗೆ ಈಗಾಗಲೇ ಸಾಕಷ್ಟು ಇದೆ.

ಮುಂದಿನ ಸಲ ತಲಕಾಡಿಗೆ ಹೋದಾಗ, ರೀಲ್ ಮಾಡೋ ಮುಂಚೆ ಮರಳ ಮೇಲೆ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಕೆಳಗೆ ಯಾರದೋ ಹಿತ್ತಲು ಇರಬಹುದು, ಯಾರದೋ ಅಡುಗೆಮನೆ ಇರಬಹುದು. ಅವರು ಬಾಗಿಲು ಬಿಚ್ಚಿಕೊಂಡು ಹಿಂದೆ ಸರಿದು ಕಟ್ಟಿದ ಊರಲ್ಲೇ ನೀವು ಬಸ್ ಇಳಿದಿರ್ತೀರಿ, ಟೀ ಕುಡಿದಿರ್ತೀರಿ.

ನಿಮ್ಮ ಊರ ಹತ್ತಿರದ ನದಿಗೂ ಹೀಗೊಂದು ಕಥೆ ಇದ್ದರೆ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.